ಮಾರ್ಗ ಸರ್ಕಾರದ್ದು, ಟಿಕೆಟ್ ಯಾರದ್ದು?

ವಿಮಾನ ಪ್ರಯಾಣ ದರಕ್ಕೆ ಮೂಗುದಾರ ಹಾಕಬೇಕೆಂಬ ಕೂಗು ನಮ್ಮ ದೇಶದಲ್ಲಿ ಜಾತ್ರೆಯಂತೆ ನಿಯತವಾಗಿ ಮರಳಿ ಬರುತ್ತದೆ. 2025ರ ಆರಂಭದಲ್ಲಿ ಪ್ರಯಾಗರಾಜ್‌ನ ಕುಂಭಮೇಳಕ್ಕೆ ಹೊರಟವರ ಟಿಕೆಟ್ ದರ ಗಗನಕ್ಕೇರಿದಾಗ ಆ ಕೂಗು ಎದ್ದಿತ್ತು. ಅದೇ ವರ್ಷದ ಡಿಸೆಂಬರ್ ಮೊದಲ ವಾರದಲ್ಲಿ ಅದು ಆಕ್ರೋಶದ ರೂಪ ತಾಳಿತು. ಪೈಲಟ್‌ಗಳ ಕೆಲಸ ಮತ್ತು ವಿಶ್ರಾಂತಿಯ ಅವಧಿಗೆ ಸಂಬಂಧಿಸಿದ ಹೊಸ ನಿಯಮಗಳಿಗೆ ತಕ್ಕ ಸಿದ್ಧತೆಯಿಲ್ಲದೆ ಇಂಡಿಗೊ ಸಂಸ್ಥೆಯ ಹಾರಾಟ ವ್ಯವಸ್ಥೆ ಕುಸಿದು, ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಉಳಿದ ಸಂಸ್ಥೆಗಳ ಆಸನಗಳ ಬೆಲೆ ಹಲವು ಪಟ್ಟು ಏರಿತು. ಡಿಸೆಂಬರ್ 6ರಂದು ಕೇಂದ್ರ ಸರ್ಕಾರ ಮಧ್ಯಪ್ರವೇಶಿಸಿ ಗರಿಷ್ಠ ದರ ನಿಗದಿಪಡಿಸಿತು: 500 ಕಿ.ಮೀ.ವರೆಗೆ 7,500 ರೂಪಾಯಿ, ಸಾವಿರ ಕಿ.ಮೀ.ವರೆಗೆ 12 ಸಾವಿರ, 1,500 ಕಿ.ಮೀ.ವರೆಗೆ 15 ಸಾವಿರ, ಅದಕ್ಕೂ ಮೀರಿದರೆ 18 ಸಾವಿರ.

ಮನೆಗೆ ಬೆಂಕಿ ಬಿದ್ದಾಗ ನೀರೆರಚಲೇಬೇಕು. ಸರ್ಕಾರ ಆ ದಿನ ಮಾಡಿದ್ದು ಸರಿಯಾದ ಕೆಲಸ. ಆದರೆ ದೇಶದೊಳಗಿನ ಪ್ರಯಾಣಿಕರಲ್ಲಿ ಸರಿಸುಮಾರು ಮೂರನೇ ಎರಡು ಭಾಗ ಒಂದೇ ಸಂಸ್ಥೆಯನ್ನು ನೆಚ್ಚಿಕೊಂಡಿರುವ ಸ್ಥಿತಿ ಒಂದು ವಾರದಲ್ಲಿ ಉಂಟಾದದ್ದಲ್ಲ. ಯಾವ ಮಾರ್ಗದಲ್ಲಿ ಯಾರು ಹಾರಬೇಕು, ಒಬ್ಬರ ವಿಮಾನದ ಆಸನವನ್ನು ಇನ್ನೊಬ್ಬರು ತಮ್ಮ ಹೆಸರಿನಲ್ಲಿ ಹೇಗೆ ಮಾರಬೇಕು, ಆ ಟಿಕೆಟ್ ಗ್ರಾಹಕನ ಕಣ್ಣಿಗೆ ಯಾವ ಕ್ರಮದಲ್ಲಿ, ಯಾವ ಬೆಲೆಯಲ್ಲಿ ಕಾಣಬೇಕು ಎಂಬ ಮೂರು ಪ್ರಶ್ನೆಗಳಿಗೆ ನಾವು ದಶಕಗಳಿಂದ ಕೊಟ್ಟ ಅಥವಾ ಕೊಡದೇ ಉಳಿಸಿದ ಉತ್ತರಗಳ ಫಲ ಅದು. ಈ ಮೂರನ್ನೂ ಬೇರೆ ಬೇರೆ ಕಡತಗಳಲ್ಲಿ ಕಟ್ಟಿಟ್ಟಿರುವುದೇ ನಮ್ಮ ವಿಮಾನಯಾನ ನೀತಿಯ ಮುಖ್ಯ ದೋಷವೆಂಬುದು ನನ್ನ ಅಭಿಪ್ರಾಯ. ಮಾರ್ಗದ ಮೇಲೆ ನಾವು ಹಣ ಸುರಿಯುತ್ತಿದ್ದೇವೆ. ಟಿಕೆಟ್‌ನ ಕಡೆಗೆ ತಿರುಗಿಯೂ ನೋಡುತ್ತಿಲ್ಲ.

ಪರವಾನಗಿಯ ಕಾಲ

ಹಳೆಯ ಕತೆಯಿಂದಲೇ ಆರಂಭಿಸುವುದು ಉಚಿತ. 1953ರ ವಾಯು ನಿಗಮಗಳ ಕಾಯ್ದೆಯ ಮೂಲಕ ನೆಹರೂ ಸರ್ಕಾರ ದೇಶದೊಳಗೆ ಹಾರುತ್ತಿದ್ದ ಎಂಟು ಖಾಸಗಿ ಸಂಸ್ಥೆಗಳನ್ನು ರಾಷ್ಟ್ರೀಕರಿಸಿ ಇಂಡಿಯನ್ ಏರ್‌ಲೈನ್ಸ್ ಸ್ಥಾಪಿಸಿತು. ವಿದೇಶಿ ಮಾರ್ಗಗಳು ಏರ್ ಇಂಡಿಯಾದ ಪಾಲಾದವು. ಸುಮಾರು ನಾಲ್ಕು ದಶಕಗಳ ಕಾಲ ಮಾರ್ಗ, ವೇಳಾಪಟ್ಟಿ, ದರ ಎಲ್ಲವೂ ದೆಹಲಿಯಲ್ಲಿ ತೀರ್ಮಾನವಾಗುತ್ತಿದ್ದವು. ನಮ್ಮ ರಾಜ್ಯ ರಸ್ತೆ ಸಾರಿಗೆ ನಿಗಮಗಳು ಲಾಭದ ಮಾರ್ಗದಲ್ಲಿ ಗಳಿಸಿದ್ದನ್ನು ಹಳ್ಳಿಯ ಮಾರ್ಗಕ್ಕೆ ಖರ್ಚು ಮಾಡುವಂತೆ, ದೆಹಲಿ-ಮುಂಬೈ ಪ್ರಯಾಣಿಕ ತನಗೆ ತಿಳಿಯದೆಯೇ ಇಂಫಾಲದ ಪ್ರಯಾಣಿಕನ ಖರ್ಚಿನ ಒಂದು ಪಾಲನ್ನು ಭರಿಸುತ್ತಿದ್ದ. ಅರ್ಥಶಾಸ್ತ್ರದಲ್ಲಿ ಇದನ್ನು ಅಡ್ಡ ಸಹಾಯಧನ ಎನ್ನುತ್ತೇವೆ. ಬಜೆಟ್‌ನಲ್ಲಿ ಕಾಣಿಸದ ತೆರಿಗೆ ಅದು. ಶಾಸನಸಭೆಯಲ್ಲಿ ಚರ್ಚೆಯಾಗದ ವೆಚ್ಚವೂ ಹೌದು.

1994ರಲ್ಲಿ ಆ ಕಾಯ್ದೆ ರದ್ದಾಗಿ ಖಾಸಗಿ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. ಎಲ್ಲರೂ ದೆಹಲಿ-ಮುಂಬೈ ನಡುವೆಯೇ ಹಾರಲು ಮುಗಿಬೀಳುತ್ತಾರೆಂಬ ಭಯ ಸರ್ಕಾರಕ್ಕಿತ್ತು. ಆ ಭಯ ಸಹಜವೂ ಆಗಿತ್ತು. ಅದಕ್ಕಾಗಿ ಅದೇ ವರ್ಷದ ಮಾರ್ಚ್‌ನಲ್ಲಿ ಮಾರ್ಗ ಹಂಚಿಕೆ ಮಾರ್ಗಸೂಚಿ ಜಾರಿಗೆ ಬಂತು. ಬೆಂಗಳೂರು-ದೆಹಲಿ, ಬೆಂಗಳೂರು-ಮುಂಬೈ ಸೇರಿದಂತೆ ಹನ್ನೆರಡು ಮಾರ್ಗಗಳನ್ನು ಮೊದಲನೇ ವರ್ಗವೆಂದು ಗುರುತಿಸಲಾಯಿತು. ಅಲ್ಲಿ ಹಾರಿಸುವ ಸಾಮರ್ಥ್ಯದ ಕನಿಷ್ಠ ಶೇಕಡ 10ರಷ್ಟನ್ನು ಈಶಾನ್ಯ ರಾಜ್ಯಗಳು, ಜಮ್ಮು-ಕಾಶ್ಮೀರ, ಅಂಡಮಾನ್, ಲಕ್ಷದ್ವೀಪಗಳ ಮಾರ್ಗಗಳಿಗೂ, ಶೇಕಡ 50ರಷ್ಟನ್ನು ಉಳಿದ ಸಾಧಾರಣ ಮಾರ್ಗಗಳಿಗೂ ಒದಗಿಸಬೇಕೆಂಬುದು ನಿಯಮ. 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿ ಮೊದಲನೇ ವರ್ಗಕ್ಕೆ ಹೊಸ ಮಾನದಂಡ ಕೊಟ್ಟಿತು: 700 ಕಿ.ಮೀ.ಗಿಂತ ಹೆಚ್ಚು ದೂರ, ಶೇಕಡ 70ಕ್ಕೂ ಮೇಲ್ಪಟ್ಟು ಆಸನ ಭರ್ತಿ, ವರ್ಷಕ್ಕೆ ಐದು ಲಕ್ಷ ಪ್ರಯಾಣಿಕರು.

ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಅದು ಲೆಕ್ಕ ಹಾಕುವುದು ಆಸನ ಮತ್ತು ಕಿಲೋಮೀಟರ್‌ಗಳ ಗುಣಲಬ್ಧವನ್ನು. ದೂರದ ಒಂದು ದೊಡ್ಡ ಊರಿಗೆ ದೊಡ್ಡ ವಿಮಾನ ಹಾರಿಸಿದರೆ ಪಾಲು ಸಲೀಸಾಗಿ ಭರ್ತಿಯಾಗುತ್ತದೆ. ಗುವಾಹಟಿ, ಶ್ರೀನಗರದಂಥ ಊರುಗಳಿಗೆ ವಿಮಾನಗಳು ಸಾಲುಗಟ್ಟಿದವು. ಬೀದರ್, ಕಲಬುರಗಿಗಳಂಥ ಊರುಗಳು ಆ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲ. ಸರ್ಕಾರಿ ಗುರಿಗಳ ಒಂದು ಗುಣವನ್ನು ಸೇವೆಯಲ್ಲಿದ್ದಾಗ ಹತ್ತಿರದಿಂದ ಕಂಡಿದ್ದೇನೆ: ಗುರಿಯನ್ನು ಯಾವ ಅಳತೆಗೋಲಿನಲ್ಲಿ ಅಳೆಯುತ್ತೇವೆಯೋ ಆ ಅಳತೆಗೋಲೇ ಗುರಿಯಾಗಿಬಿಡುತ್ತದೆ.

ಇದೇ ನಿಯಂತ್ರಣ ಯುಗದ ಇನ್ನೊಂದು ಕುರುಹು ‘5/20’ ನಿಯಮ. ಐದು ವರ್ಷ ದೇಶದೊಳಗೆ ಹಾರಿ, 20 ವಿಮಾನಗಳನ್ನು ಹೊಂದಿದ ಸಂಸ್ಥೆಗೆ ಮಾತ್ರ ವಿದೇಶಕ್ಕೆ ಹಾರುವ ಹಕ್ಕು. ಬೆಂಗಳೂರಿನವರಿಗೆ ಇದರ ಪರಿಣಾಮ ಚೆನ್ನಾಗಿ ನೆನಪಿರಬೇಕು. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ ಹಾರಾಟ ಆರಂಭಿಸಿ, ಹುಬ್ಬಳ್ಳಿಯಂಥ ಊರಿನವರಿಗೂ ವಿಮಾನವನ್ನು ಹತ್ತಿರ ತಂದಿತು. ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಅದನ್ನು ತನ್ನೊಳಗೆ ಸೇರಿಸಿಕೊಂಡದ್ದರ ಒಂದು ಮುಖ್ಯ ಆಕರ್ಷಣೆ, ಡೆಕ್ಕನ್ ಪೂರೈಸುತ್ತಿದ್ದ ಐದು ವರ್ಷಗಳ ಅರ್ಹತೆ. 2008ರ ಸೆಪ್ಟೆಂಬರ್‌ನಲ್ಲಿ ಕಿಂಗ್‌ಫಿಷರ್ ಬೆಂಗಳೂರಿನಿಂದ ಲಂಡನ್‌ಗೆ ಹಾರಿತು. 2012ರ ಅಕ್ಟೋಬರ್‌ನಲ್ಲಿ ಅದರ ವಿಮಾನಗಳೆಲ್ಲ ನೆಲಕ್ಕಿಳಿದವು. ಸಣ್ಣ ಊರುಗಳನ್ನು ಜೋಡಿಸುವ ಕನಸೊಂದು ವಿದೇಶಿ ಮಾರ್ಗದ ಪರವಾನಗಿಯ ಹಂಬಲದಲ್ಲಿ ಕರಗಿಹೋಯಿತು. ವ್ಯವಹಾರದ ತಪ್ಪುಗಳು ಅವರವು ನಿಜ. ಆದರೆ ಒಂದು ಸಂಸ್ಥೆಯ ವಯಸ್ಸನ್ನೇ ಮಾರುಕಟ್ಟೆಯ ಸರಕಾಗಿ ಮಾಡಿದ್ದು ಸರ್ಕಾರದ ನಿಯಮ. 2016ರಲ್ಲಿ ಐದು ವರ್ಷಗಳ ಷರತ್ತು ಹೋಗಿ, 20 ವಿಮಾನ ಅಥವಾ ಒಟ್ಟು ಸಾಮರ್ಥ್ಯದ ಶೇಕಡ 20, ಇವೆರಡರಲ್ಲಿ ಹೆಚ್ಚಿನದ್ದನ್ನು ದೇಶದೊಳಗೆ ನಿಯೋಜಿಸಬೇಕೆಂಬ ಷರತ್ತು ಉಳಿಯಿತು.

‘ಉಡಾನ್’ ಕಲಿಸಿದ ಪಾಠ

2016ರ ಅಕ್ಟೋಬರ್‌ನಲ್ಲಿ ಬಂದ ‘ಉಡಾನ್’ ಯೋಜನೆ ಸಿದ್ಧಾಂತದ ದೃಷ್ಟಿಯಿಂದ ಹಳೆಯ ಮಾರ್ಗಸೂಚಿಗಿಂತ ಉತ್ತಮವಾದದ್ದು. ಇಲ್ಲಿ ಒತ್ತಾಯವಿಲ್ಲ, ಟೆಂಡರ್ ಇದೆ. ಒಂದು ಮಾರ್ಗಕ್ಕೆ ಅತಿ ಕಡಿಮೆ ಸಹಾಯಧನ ಕೇಳಿದವನಿಗೆ ಮೂರು ವರ್ಷಗಳ ಏಕಸ್ವಾಮ್ಯ ದೊರೆಯುತ್ತದೆ. ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂಬ ಮಿತಿಯೊಂದಿಗೆ ಯೋಜನೆ ಆರಂಭವಾಯಿತು. ಮಿತಿ ಅನ್ವಯಿಸುವುದು ವಿಮಾನದ ಸುಮಾರು ಅರ್ಧದಷ್ಟು ಆಸನಗಳಿಗೆ. ನಷ್ಟ ತುಂಬುವ ಹಣದ ಬಹುಪಾಲು ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ವಿಧಿಸುವ ಶುಲ್ಕದಿಂದ ಬರುತ್ತದೆ. ಶೇಕಡ 20ರಷ್ಟನ್ನು ರಾಜ್ಯ ಸರ್ಕಾರಗಳು ಕೊಡಬೇಕು, ಈಶಾನ್ಯ ರಾಜ್ಯಗಳಾದರೆ ಶೇಕಡ 10. ವಿಮಾನ ಇಂಧನದ ಮೇಲಿನ ಮಾರಾಟ ತೆರಿಗೆಯನ್ನು ಆ ನಿಲ್ದಾಣಗಳಲ್ಲಿ ಶೇಕಡ 1ಕ್ಕೆ ಇಳಿಸಬೇಕು. 2017ರ ಏಪ್ರಿಲ್ 27ರಂದು ಶಿಮ್ಲಾ-ದೆಹಲಿ ನಡುವೆ ಮೊದಲ ವಿಮಾನ ಹಾರಿತು. ಅದೇ ವರ್ಷ ಮೈಸೂರು, ಬಳ್ಳಾರಿ ಜಿಲ್ಲೆಯ ವಿದ್ಯಾನಗರ, ಆಮೇಲೆ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಬೀದರ್‌ಗಳಿಗೂ ಯೋಜನೆಯ ಫಲ ಮುಟ್ಟಿತು.

ಫಲ ಎಷ್ಟು ದಿನ ಉಳಿಯಿತು? 2023ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ ಇದಕ್ಕೆ ಉತ್ತರ ಹೇಳುತ್ತದೆ. ಮೂರನೇ ಹಂತದವರೆಗೆ ಹಂಚಿಕೆಯಾದ 774 ಮಾರ್ಗಗಳಲ್ಲಿ 403 ಮಾರ್ಗಗಳಲ್ಲಿ ವಿಮಾನ ಹಾರಲೇ ಇಲ್ಲ. ಆರಂಭವಾದ 371ರಲ್ಲಿ ಮೂರು ವರ್ಷಗಳ ಅವಧಿ ಪೂರೈಸಿದ್ದು 112. ಸಹಾಯಧನ ನಿಂತ ಮೇಲೂ, 2023ರ ಮಾರ್ಚ್ ಹೊತ್ತಿಗೆ ಉಳಿದಿದ್ದು 54. ಅಂದರೆ ಒಟ್ಟು ಮಾರ್ಗಗಳ ಶೇಕಡ 7. ಬೀದರ್‌ನ ಅನುಭವ ಈ ಅಂಕಿಗಳಿಗೆ ಮುಖ ಕೊಡುತ್ತದೆ. 2020ರ ಫೆಬ್ರುವರಿಯಲ್ಲಿ ಅಲ್ಲಿಂದ ಬೆಂಗಳೂರಿಗೆ ಸೇವೆ ಆರಂಭವಾಯಿತು. ಅದನ್ನು ನಡೆಸುತ್ತಿದ್ದ ಟ್ರೂಜೆಟ್ ಸಂಸ್ಥೆಯೇ ಮುಂದೆ ಹಾರಾಟ ನಿಲ್ಲಿಸಿತು. ಅದರ ಬಳಿಕ ಬಂದ ಸ್ಟಾರ್ ಏರ್ ಸೇವೆಯೂ 2023ರ ಅಂತ್ಯದಲ್ಲಿ ನಿಂತು, 2025ರ ಏಪ್ರಿಲ್‌ನಲ್ಲಿ ಮತ್ತೆ ಆರಂಭವಾಯಿತು. ಬಂದು ಹೋಗುವ ಅತಿಥಿಯನ್ನು ನಂಬಿ ಯಾವ ವ್ಯಾಪಾರಿ, ಯಾವ ರೋಗಿ ತನ್ನ ಪ್ರಯಾಣದ ಯೋಜನೆ ಹಾಕಿಕೊಳ್ಳಬೇಕು?

ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ‘ಸಾಕಷ್ಟು ಪ್ರಯಾಣಿಕರಿಲ್ಲ’ ಎಂಬುದು. ಇದು ಅರ್ಧ ಸತ್ಯ. ಬೀದರ್‌ನಿಂದ ಹೊರಟವರೆಲ್ಲರಿಗೂ ಬೆಂಗಳೂರೇ ಕೊನೆಯ ನಿಲ್ದಾಣವಲ್ಲ. ಕೆಲವರು ದೆಹಲಿಗೆ, ಕೆಲವರು ಕೊಲ್ಲಿ ದೇಶಗಳಿಗೆ, ಕೆಲವರು ಮಕ್ಕಳಿರುವ ಅಮೆರಿಕಕ್ಕೆ ಹೊರಟವರು. ಸಣ್ಣ ಸಂಸ್ಥೆಯ ವಿಮಾನದಲ್ಲಿ ಬೆಂಗಳೂರಿಗೆ ಬಂದು, ಬೇರೊಂದು ಸಂಸ್ಥೆಯ ಇನ್ನೊಂದು ಟಿಕೆಟ್ ಹಿಡಿದು ಮುಂದೆ ಹೋಗಬೇಕಾದರೆ ಎರಡು ಕಡೆ ಸರತಿ ಸಾಲು, ಎರಡು ಸಲ ಸಾಮಾನು ತೂಕ. ಎಲ್ಲಕ್ಕಿಂತ ಮಿಗಿಲಾಗಿ, ಮೊದಲ ವಿಮಾನ ಎರಡು ಗಂಟೆ ತಡವಾದರೆ ಎರಡನೇ ಟಿಕೆಟ್‌ನ ಹಣ ಹೋದಂತೆಯೇ. ಅಷ್ಟೆಲ್ಲ ಆತಂಕಕ್ಕಿಂತ ಕಾರು ಹಿಡಿದು ಹೈದರಾಬಾದಿಗೆ ಹೋಗಿ ಅಲ್ಲಿಂದ ನೇರವಾಗಿ ಹಾರುವುದೇ ಲೇಸೆಂದು ಪ್ರಯಾಣಿಕ ತೀರ್ಮಾನಿಸುತ್ತಾನೆ. ಪ್ರಯಾಣಿಕರು ಊರಿನಲ್ಲಿದ್ದಾರೆ; ಅವರನ್ನು ವಿಮಾನಕ್ಕೆ ಜೋಡಿಸುವ ಟಿಕೆಟ್ ಇಲ್ಲ.

ಒಂದು ವಿಮಾನ, ಹಲವು ಹೆಸರು

ಆ ಜೋಡಣೆಯ ಹೆಸರೇ ಕೋಡ್‌ಶೇರ್. ‘ಅ’ ಸಂಸ್ಥೆಯ ವಿಮಾನಕ್ಕೆ ‘ಆ’ ಸಂಸ್ಥೆಯೂ ತನ್ನ ಸಂಕೇತಾಕ್ಷರ ಮತ್ತು ಸಂಖ್ಯೆ ಹಾಕಿ, ಅದರ ಆಸನಗಳನ್ನು ತನ್ನದೇ ಸೇವೆಯೆಂಬಂತೆ ಮಾರುವ ಒಪ್ಪಂದ ಅದು. ಸರಿಯಾಗಿ ನಡೆದರೆ ಪ್ರಯಾಣಿಕನಿಗೆ ಒಂದೇ ಟಿಕೆಟ್. ದಾರಿಯಲ್ಲಿ ಸಂಪರ್ಕ ತಪ್ಪಿದರೆ ಮುಂದಿನ ವಿಮಾನದಲ್ಲಿ ಕೂರಿಸುವ ಹೊಣೆ ಸಂಸ್ಥೆಯದು. ಸಣ್ಣ ಸಂಸ್ಥೆಗೆ ಜಗತ್ತಿನ ಮಾರುಕಟ್ಟೆ ಸಿಗುತ್ತದೆ, ದೊಡ್ಡ ಸಂಸ್ಥೆಗೆ ತಾನು ಹಾರದ ಊರಿನ ಗಿರಾಕಿ ಸಿಗುತ್ತಾನೆ.

ಅಂತರರಾಷ್ಟ್ರೀಯ ಮಾರ್ಗಗಳಲ್ಲಿ ಇದು ಸಂಪೂರ್ಣವಾಗಿ ಸರ್ಕಾರಗಳ ಹಿಡಿತದಲ್ಲಿರುವ ವಿಷಯ. 1944ರ ಷಿಕಾಗೊ ಒಡಂಬಡಿಕೆಯ ಪ್ರಕಾರ ಪ್ರತಿ ದೇಶಕ್ಕೂ ತನ್ನ ಮೇಲಿನ ಆಕಾಶದ ಮೇಲೆ ಪರಮಾಧಿಕಾರವಿದೆ. ಅನುಮತಿಯಿಲ್ಲದೆ ಇನ್ನೊಂದು ದೇಶದ ನಿಯತ ವಿಮಾನ ಸೇವೆ ಅಲ್ಲಿಗೆ ಬರುವಂತಿಲ್ಲ. ಆದ್ದರಿಂದ ಎರಡೆರಡು ದೇಶಗಳು ಕುಳಿತು, ವಾರಕ್ಕೆ ಎಷ್ಟು ಆಸನ, ಯಾವ ಯಾವ ನಗರ, ಕೋಡ್‌ಶೇರ್‌ಗೆ ಅವಕಾಶವಿದೆಯೇ ಎಂದು ಒಪ್ಪಂದ ಮಾಡಿಕೊಳ್ಳುತ್ತವೆ. 2016ರ ನೀತಿ ಸಾರ್ಕ್ ದೇಶಗಳಿಗೂ ದೆಹಲಿಯಿಂದ ಐದು ಸಾವಿರ ಕಿ.ಮೀ.ಗಿಂತ ದೂರದ ದೇಶಗಳಿಗೂ ಪರಸ್ಪರ ಒಪ್ಪಿಗೆಯ ಮೇರೆಗೆ ಮುಕ್ತ ಆಕಾಶದ ಮಾತನಾಡಿತು. ಕೊಲ್ಲಿ ದೇಶಗಳು ಆ ವೃತ್ತದೊಳಗೇ ಉಳಿದವು. ಕರಾವಳಿಯವರಿಗೆ ಇದರ ಬಿಸಿ ಗೊತ್ತು. ಕೊಲ್ಲಿಯಲ್ಲಿ ದುಡಿಯುವ ಅಸಂಖ್ಯ ಕನ್ನಡಿಗರು, ತುಳುವರು, ಬ್ಯಾರಿಗಳು, ಕೊಂಕಣಿಗರು ಊರಿಗೆ ಬರುವ ಬಾಗಿಲು ಮಂಗಳೂರು. ಆದರೆ ಅಲ್ಲಿಂದ ಕೊಲ್ಲಿಗೆ ಸೇವೆ ಒದಗಿಸುತ್ತ ಬಂದಿರುವವು ಭಾರತೀಯ ಸಂಸ್ಥೆಗಳೇ. ದುಬೈ, ಅಬುಧಾಬಿಗಳ ದೊಡ್ಡ ಸಂಸ್ಥೆಗಳ ವಿಮಾನಗಳು ಇಳಿಯುವುದು ಬೆಂಗಳೂರು, ಕೊಚ್ಚಿಯಂಥ ನಗರಗಳಲ್ಲಿ.

ಹಾಗೆಂದು ಆಸನ ಹಕ್ಕುಗಳನ್ನು ಕಣ್ಣುಮುಚ್ಚಿ ಧಾರೆ ಎರೆಯುವುದೂ ಜಾಣತನವಲ್ಲ. 2013ರಲ್ಲಿ ಅಬುಧಾಬಿಯೊಂದಿಗಿನ ಆಸನ ಮಿತಿಯನ್ನು ವಾರಕ್ಕೆ ಸುಮಾರು 13 ಸಾವಿರದಿಂದ 50 ಸಾವಿರಕ್ಕೆ ಏರಿಸಲು ಒಪ್ಪಂದವಾಯಿತು. ಅದೇ ಹೊತ್ತಿನಲ್ಲಿ ಅಲ್ಲಿನ ಎತಿಹಾದ್ ಸಂಸ್ಥೆ ಸುಮಾರು 2,058 ಕೋಟಿ ರೂಪಾಯಿಗೆ ಜೆಟ್ ಏರ್‌ವೇಸ್‌ನ ಶೇಕಡ 24 ಷೇರು ಕೊಳ್ಳಲು ಮುಂದಾಯಿತು. ಎರಡೂ ಸಂಸ್ಥೆಗಳ ಕೋಡ್‌ಶೇರ್ ವಿಸ್ತಾರವಾಗಿ ಬೆಳೆದು, ಭಾರತದ ಊರೂರಿನ ಪ್ರಯಾಣಿಕರು ಅಬುಧಾಬಿಯ ಮೂಲಕ ಪಶ್ಚಿಮಕ್ಕೆ ಹರಿದರು. ಆದರೆ 2019ರ ಏಪ್ರಿಲ್ 17ರಂದು ಜೆಟ್ ತನ್ನ ಕೊನೆಯ ಹಾರಾಟ ನಡೆಸಿ ಮುಚ್ಚಿತು. ಒಂದು ಸಂಸ್ಥೆಯ ಬಂಡವಾಳದ ಅಗತ್ಯವನ್ನೂ ಒಂದು ದೇಶದ ಆಕಾಶದ ಹಕ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಹಕ್ಕು ಶಾಶ್ವತವಾಗಿ ಹೋಗುತ್ತದೆ, ಬಂಡವಾಳ ನಾಲ್ಕು ದಿನ ಉಳಿಯುತ್ತದೆ.

ಕೋಡ್‌ಶೇರ್‌ನ ಇನ್ನೊಂದು ಮುಖ ಪ್ರಯಾಣಿಕನ ಗೊಂದಲ. ಕೆಲವು ವರ್ಷಗಳ ಹಿಂದೆ ವಿದೇಶ ಪ್ರವಾಸ ಮುಗಿಸಿ ಹಿಂದಿರುಗುವಾಗ ನನ್ನ ಸಂಪರ್ಕ ವಿಮಾನ ತಪ್ಪಿತು. ಟಿಕೆಟ್ ಮಾರಿದ ಸಂಸ್ಥೆಯ ಕೌಂಟರಿಗೆ ಹೋದರೆ ‘ವಿಮಾನ ನಮ್ಮದಲ್ಲ’ ಎಂದರು. ವಿಮಾನ ಹಾರಿಸಿದ ಸಂಸ್ಥೆಯವರು ‘ಟಿಕೆಟ್ ನಮ್ಮದಲ್ಲ’ ಎಂದರು. ಎರಡು ಕೌಂಟರುಗಳ ನಡುವೆ ಒಂದು ಇಡೀ ರಾತ್ರಿ ಕಳೆಯಿತು. ಕಾನೂನು ಇಷ್ಟು ಅಸ್ಪಷ್ಟವಾಗಿಲ್ಲ. ಭಾರತ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಡಂಬಡಿಕೆಯ ಪ್ರಕಾರ, ವಿಳಂಬದಿಂದಾದ ನಷ್ಟಕ್ಕೆ ಕರಾರು ಮಾಡಿಕೊಂಡ ಸಂಸ್ಥೆ ಇಡೀ ಪ್ರಯಾಣಕ್ಕೂ, ವಿಮಾನ ಹಾರಿಸಿದ ಸಂಸ್ಥೆ ತಾನು ಹಾರಿಸಿದ ಭಾಗಕ್ಕೂ ಹೊಣೆ. ಪ್ರಯಾಣಿಕ ಯಾರ ಮೇಲೆ ಬೇಕಾದರೂ ದಾವೆ ಹೂಡಬಹುದು. ಆದರೆ ಮಧ್ಯರಾತ್ರಿಯ ಕೌಂಟರಿನಲ್ಲಿ ಒಡಂಬಡಿಕೆಯ ವಿಧಿಗಳು ಯಾರನ್ನೂ ವಿಮಾನ ಹತ್ತಿಸುವುದಿಲ್ಲ. ಟಿಕೆಟ್ ಕೊಳ್ಳುವ ಮೊದಲೇ ವಿಮಾನ ಹಾರಿಸುವವರಾರೆಂದು ತಿಳಿಸಬೇಕೆಂಬ ನಿಯಮವನ್ನು ಅಮೆರಿಕದ ಸಾರಿಗೆ ಇಲಾಖೆ 1999ರಲ್ಲೇ ಮಾಡಿದೆ. ಐರೋಪ್ಯ ಒಕ್ಕೂಟ 2005ರಲ್ಲಿ ಇದೇ ಕಡ್ಡಾಯ ಮಾಡಿತು.

ಪರದೆಯ ಮೇಲಿನ ಮೊದಲ ಸಾಲು

ಮೂರನೆಯ ಪ್ರಶ್ನೆ ಟಿಕೆಟ್ ಮಾರಾಟದ್ದು. ಇದು ಕೇವಲ ವ್ಯಾಪಾರಿಗಳ ವ್ಯವಹಾರವೆಂದು ಭಾವಿಸುವವರು ಅಮೆರಿಕದ ಇತಿಹಾಸ ನೋಡಬೇಕು. ಅಮೆರಿಕನ್ ಏರ್‌ಲೈನ್ಸ್ ಐಬಿಎಂ ಕಂಪನಿಯ ನೆರವಿನಿಂದ 1960ರ ದಶಕದ ಆರಂಭದಲ್ಲಿ ‘ಸೇಬರ್’ ಎಂಬ ಗಣಕ ವ್ಯವಸ್ಥೆಯನ್ನು ರೂಪಿಸಿತು. 1976ರಿಂದ ಅದು ಟ್ರಾವೆಲ್ ಏಜೆಂಟರ ಮೇಜಿನ ಮೇಲೂ ಬಂತು. 1978ರಲ್ಲಿ ಅಮೆರಿಕ ವಿಮಾನ ಮಾರ್ಗ ಮತ್ತು ದರಗಳ ನಿಯಂತ್ರಣವನ್ನು ಕೈಬಿಟ್ಟಿತು. ಆ ಬದಲಾವಣೆಯ ಮುಂದಾಳು ಆಲ್ಫ್ರೆಡ್ ಕಾನ್ ಎಂಬ ಅರ್ಥಶಾಸ್ತ್ರಜ್ಞ. ತಾವೇ ಅಧ್ಯಕ್ಷರಾಗಿದ್ದ ನಿಯಂತ್ರಣ ಮಂಡಳಿಯನ್ನು ಮುಚ್ಚುವ ದಾರಿ ತೋರಿದ ಅಪರೂಪದ ಅಧಿಕಾರಿ. ಮಾರ್ಗ ಮುಕ್ತವಾದರೆ ಸ್ಪರ್ಧೆ ತಾನಾಗಿ ಬರುತ್ತದೆಂಬ ನಂಬಿಕೆ ಆಗ ಬಲವಾಗಿತ್ತು. ಹೊಸಬರು ಯಾವಾಗ ಬೇಕಾದರೂ ಬರಬಹುದೆಂಬ ಭಯವೇ ಹಳಬರನ್ನು ಹದ್ದಿನಲ್ಲಿಡುತ್ತದೆ ಎಂಬ ಸಿದ್ಧಾಂತವನ್ನು ವಿಲಿಯಂ ಬಾಮೊಲ್ ಮತ್ತು ಅವರ ಸಂಗಡಿಗರು 1982ರಲ್ಲಿ ವ್ಯವಸ್ಥಿತವಾಗಿ ಮಂಡಿಸಿದರು. ಅದಕ್ಕೆ ಆಗ ಮುಂದಿಡುತ್ತಿದ್ದ ಉದಾಹರಣೆಗಳಲ್ಲಿ ವಿಮಾನಯಾನವೂ ಒಂದು.

ಆದರೆ ಮಾರ್ಗ ಮುಕ್ತವಾದರೂ ಮಾರಾಟದ ಪರದೆ ಮುಕ್ತವಾಗಿರಲಿಲ್ಲ. ಗಣಕದ ಒಡೆತನವಿದ್ದ ಸಂಸ್ಥೆಯ ವಿಮಾನಗಳು ಪರದೆಯ ಮೇಲ್ಭಾಗದಲ್ಲಿ ಕಾಣುತ್ತಿದ್ದವು. ಪ್ರತಿಸ್ಪರ್ಧಿಯ ವಿಮಾನ ಅಗ್ಗವಾಗಿದ್ದರೂ ಎರಡನೇ, ಮೂರನೇ ಪರದೆಗೆ ಜಾರುತ್ತಿತ್ತು. ಏಜೆಂಟರು ಬಹುಪಾಲು ಟಿಕೆಟ್‌ಗಳನ್ನು ಮೊದಲ ಪರದೆಯಿಂದಲೇ ಕೊಡುತ್ತಿದ್ದರು. ಹೀಗಾಗಿ ಮಾರ್ಗ ನಿಯಂತ್ರಣವನ್ನು ಕೈಬಿಟ್ಟ ಅದೇ ಮಂಡಳಿ, 1984ರಲ್ಲಿ ತಾನು ಮುಚ್ಚುವ ಮುನ್ನ ಮಾಡಿದ ಕೊನೆಯ ಕೆಲಸಗಳಲ್ಲೊಂದು, ಪರದೆಯ ಪಕ್ಷಪಾತವನ್ನು ನಿಷೇಧಿಸುವ ನಿಯಮ. ಯುರೋಪ್ 1989ರಲ್ಲಿ ಇಂಥದೇ ಸಂಹಿತೆ ತಂದಿತು. ವಿಮಾನಯಾನ ಸಂಸ್ಥೆಗಳು ಗಣಕ ಜಾಲಗಳ ಒಡೆತನದಿಂದ ಹೊರಬಂದ ಮೇಲೆ ಅಮೆರಿಕ 2004ರಲ್ಲಿ ನಿಯಮಗಳನ್ನು ಕೈಬಿಟ್ಟಿತು; ಯುರೋಪ್ 2009ರಲ್ಲಿ ಪರಿಷ್ಕರಿಸಿ ಉಳಿಸಿಕೊಂಡಿತು. ಕೋಡ್‌ಶೇರ್ ಇಲ್ಲಿ ಮತ್ತೊಂದು ಚಮತ್ಕಾರಕ್ಕೆ ದಾರಿ ಮಾಡುತ್ತದೆ: ಒಂದೇ ವಿಮಾನ ಮೂರು ಸಂಖ್ಯೆಗಳಲ್ಲಿ ಮೂರು ಸಾಲು ಆಕ್ರಮಿಸಿ, ಉಳಿದವರನ್ನು ಕೆಳಕ್ಕೆ ತಳ್ಳುತ್ತದೆ.

ನಮ್ಮಲ್ಲಿ ಪರದೆ ಏಜೆಂಟರ ಮೇಜಿನಿಂದ ಗ್ರಾಹಕನ ಅಂಗೈಗೆ ಬಂದಿದೆ. 2008ರ ಹೊತ್ತಿಗೆ ದೊಡ್ಡ ಸಂಸ್ಥೆಗಳು ಏಜೆಂಟರಿಗೆ ಕೊಡುತ್ತಿದ್ದ ಕಮಿಷನ್ ನಿಲ್ಲಿಸಿದವು. ಮಧ್ಯವರ್ತಿ ಹೋದರೆ ಟಿಕೆಟ್ ಅಗ್ಗವಾಗುತ್ತದೆಂದು ನಾವೆಲ್ಲ ನಿರೀಕ್ಷಿಸಿದ್ದೆವು. ಕಮಿಷನ್ ಹೋದ ಜಾಗಕ್ಕೆ ‘ಅನುಕೂಲ ಶುಲ್ಕ’ ಬಂತು. ಮೊದಲ ಪುಟದಲ್ಲಿ ಕಂಡ ಬೆಲೆ, ಆಸನ ಆಯ್ಕೆ, ವಿಮೆ, ಶುಲ್ಕಗಳನ್ನು ದಾಟಿ ಹಣ ಪಾವತಿಸುವ ಪುಟಕ್ಕೆ ಬರುವಾಗ ಬೇರೆಯೇ ಆಗಿರುತ್ತದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಇಂಥ 13 ಬಗೆಯ ಕಣ್ಕಟ್ಟುಗಳನ್ನು ಹೆಸರಿಸಿದೆ. ಹಂತ ಹಂತವಾಗಿ ಬೆಲೆ ಏರಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಅವುಗಳಲ್ಲಿ ಸೇರಿವೆ. ಆದರೆ ಯಾವ ವಿಮಾನ ಯಾವ ಕ್ರಮದಲ್ಲಿ, ಯಾರ ಹಣದ ಪ್ರಭಾವದಿಂದ ಪಟ್ಟಿಯ ಮೇಲೆ ಬಂತೆಂಬುದು ಗ್ರಾಹಕನಿಗೆ ಕಾಣುವುದಿಲ್ಲ.

ಹಣ ಮರಳಿಸುವ ಪ್ರಶ್ನೆಯಲ್ಲೂ ಇದೇ ಕತೆ. ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ರದ್ದಾದ ಟಿಕೆಟ್‌ಗಳ ಹಣಕ್ಕಾಗಿ ಜನರು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2020ರ ಅಕ್ಟೋಬರ್‌ನಲ್ಲಿ ಬಂದ ಆದೇಶ, ಏಜೆಂಟರ ಮೂಲಕ ಕೊಂಡ ಟಿಕೆಟ್‌ಗಳ ಹಣವನ್ನೂ ಪ್ರಯಾಣಿಕನಿಗೆ ಮುಟ್ಟಿಸಬೇಕೆಂದಿತು. 2025ರ ನವೆಂಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಪ್ರಕಟಿಸಿದ ಕರಡು ನಿಯಮದಲ್ಲಿ, ಏಜೆಂಟರು ಸಂಸ್ಥೆಯ ಪ್ರತಿನಿಧಿಗಳೇ ಆದ್ದರಿಂದ ಹಣ ಮರಳಿಸುವ ಹೊಣೆ ಸಂಸ್ಥೆಯದೇ ಎಂಬ ತತ್ವವನ್ನು ಸ್ಪಷ್ಟವಾಗಿ ಹೇಳಲಾಯಿತು. ತತ್ವ ಸರಳವಾದದ್ದು, ಬರಲು ತಡವಾಯಿತಷ್ಟೆ.

ದರ ಮಿತಿಯ ಆಸೆ

ಇಷ್ಟೆಲ್ಲ ಗೋಜೇಕೆ, ದರವನ್ನೇ ಕಟ್ಟಿಹಾಕಿಬಿಡಿ ಎನ್ನುವವರಿದ್ದಾರೆ. ಆ ಪ್ರಯೋಗವೂ ನಡೆದಿದೆ. 2020ರ ಮೇ ತಿಂಗಳಿಂದ 2022ರ ಆಗಸ್ಟ್ 31ರವರೆಗೆ, ಹಾರಾಟದ ಅವಧಿಗೆ ಅನುಗುಣವಾಗಿ ಸರ್ಕಾರ ದರಪಟ್ಟಿ ನಿಗದಿ ಮಾಡಿತ್ತು. ಅಲ್ಲಿ ಗರಿಷ್ಠದಂತೆ ಕನಿಷ್ಠ ದರವೂ ಇತ್ತೆಂಬುದನ್ನು ಹಲವರು ಮರೆತಿದ್ದಾರೆ. ಅಂದರೆ, ಕಡಿಮೆ ದರಕ್ಕೆ ಮಾರಲು ಸಿದ್ಧವಿದ್ದ ಸಂಸ್ಥೆಗೂ ಮಾರುವ ಸ್ವಾತಂತ್ರ್ಯವಿರಲಿಲ್ಲ. ದುರ್ಬಲ ಸಂಸ್ಥೆಗಳು ಉಳಿಯಲೆಂಬುದು ಉದ್ದೇಶವಾಗಿತ್ತು. ಬೆಲೆ ತೆತ್ತವನು ಗ್ರಾಹಕ. ಶಾಶ್ವತ ಮಿತಿ ಇನ್ನೂ ಅಪಾಯಕಾರಿ. ಹದಿನೈದು ದಿನ ಮೊದಲೇ ಕೊಂಡವನಿಗೆ ಸಿಗುವ ಅಗ್ಗದ ಆಸನದ ನಷ್ಟವನ್ನು ಕೊನೆಯ ದಿನ ಕೊಳ್ಳುವವನ ದುಬಾರಿ ಆಸನ ತುಂಬುತ್ತದೆ. ಮೇಲಿನದ್ದನ್ನು ಕತ್ತರಿಸಿದರೆ ಕೆಳಗಿನದ್ದು ಏರುತ್ತದೆ. ನಷ್ಟವಾದ ಮಾರ್ಗದಿಂದ ವಿಮಾನವೇ ಮಾಯವಾಗುತ್ತದೆ. ವಿಪತ್ತಿನ ದಿನಗಳಿಗೆ ದರ ಮಿತಿ ಬೇಕು. ಅದು ಮೊದಲೇ ಪ್ರಕಟವಾದ ಸೂತ್ರದಂತೆ, ನಿರ್ದಿಷ್ಟ ದಿನಗಳಿಗೆ ಮಾತ್ರ ತಾನಾಗಿ ಜಾರಿಯಾಗಬೇಕು.

ಹಾಗಾದರೆ ಸರ್ಕಾರ ಮಾಡಬೇಕಾದದ್ದೇನು? ನನ್ನ ದೃಷ್ಟಿಯಲ್ಲಿ ನಾಲ್ಕು ಕೆಲಸಗಳಿವೆ.

ಮೊದಲನೆಯದು, ಸಹಾಯಧನಕ್ಕೂ ಟಿಕೆಟ್‌ಗೂ ನಂಟು ಹಾಕುವುದು. ಉಡಾನ್ ಮಾರ್ಗದಲ್ಲಿ ಹಾರುವ ಸಣ್ಣ ಸಂಸ್ಥೆಯೊಂದಿಗೆ, ಅದೇ ದೊಡ್ಡ ನಿಲ್ದಾಣದಿಂದ ಮುಂದೆ ಹಾರುವ ದೊಡ್ಡ ಸಂಸ್ಥೆಗಳು ನ್ಯಾಯವಾದ ಷರತ್ತಿನ ಮೇಲೆ ಕೋಡ್‌ಶೇರ್ ಅಥವಾ ಕನಿಷ್ಠ ಜಂಟಿ ಟಿಕೆಟ್ ಒಪ್ಪಂದ ಮಾಡಿಕೊಳ್ಳುವುದನ್ನು ಕಡ್ಡಾಯಗೊಳಿಸಬೇಕು. ಮಾರ್ಗ ಹಂಚಿಕೆ ಮಾರ್ಗಸೂಚಿಯ ಹೊರೆಯಲ್ಲಿ ಇದಕ್ಕೆ ತಕ್ಕ ರಿಯಾಯಿತಿ ಕೊಡಬಹುದು. ಮೊಬೈಲ್ ಕಂಪನಿಗಳು ಒಬ್ಬರ ಕರೆಯನ್ನು ಇನ್ನೊಬ್ಬರು ಜೋಡಿಸಿಕೊಡಲೇಬೇಕೆಂಬ ನಿಯಮವಿಲ್ಲದಿದ್ದರೆ ದೂರವಾಣಿ ಕ್ಷೇತ್ರದಲ್ಲಿ ಸ್ಪರ್ಧೆಯೇ ಹುಟ್ಟುತ್ತಿರಲಿಲ್ಲ. ಆಕಾಶದಲ್ಲಿ ಆ ತರ್ಕವನ್ನು ಏಕೆ ಒಪ್ಪಬಾರದು?

ಎರಡನೆಯದು, ಸಹಾಯಧನದ ಅವಧಿ. ಮೂರು ವರ್ಷ ಪೂರ್ತಿ ಕೊಟ್ಟು, ಮರುದಿನ ಶೂನ್ಯಕ್ಕೆ ಇಳಿಸುವುದು ಈಜು ಕಲಿಸುವ ಸರಿಯಾದ ಕ್ರಮವಲ್ಲ. ವರ್ಷದಿಂದ ವರ್ಷಕ್ಕೆ ಇಳಿಯುವ ಸಹಾಯಧನ, ಸಮಯಪಾಲನೆಗೆ ತಕ್ಕ ಪಾವತಿ ಇರಬೇಕು. ನಿಜಕ್ಕೂ ಬೇರೆ ದಾರಿಯಿಲ್ಲದ ಊರುಗಳಿಗೆ ಅದು ಕಾಯಂ ಆಗಿರಲಿ. ಮುಕ್ತ ಮಾರುಕಟ್ಟೆಯ ತವರಾದ ಅಮೆರಿಕ 1978ರಲ್ಲಿ ಹತ್ತು ವರ್ಷಗಳಿಗೆಂದು ಆರಂಭಿಸಿದ ಸಣ್ಣ ಊರುಗಳ ವಿಮಾನ ಸೇವಾ ಯೋಜನೆ ಇಂದಿಗೂ ನಡೆಯುತ್ತಿದೆ. 2025ರ ಫೆಬ್ರುವರಿಯ ಬಜೆಟ್‌ನಲ್ಲಿ ಹತ್ತು ವರ್ಷಗಳಲ್ಲಿ 120 ಹೊಸ ಊರುಗಳನ್ನು ಜೋಡಿಸುವ ಪರಿಷ್ಕೃತ ಉಡಾನ್ ಪ್ರಕಟವಾಗಿದೆ. ಊರುಗಳ ಸಂಖ್ಯೆಗಿಂತ, ಐದನೇ ವರ್ಷವೂ ವಿಮಾನ ಹಾರುತ್ತಿರುವ ಊರುಗಳ ಸಂಖ್ಯೆ ಅದರ ಅಳತೆಗೋಲಾಗಲಿ.

ಮೂರನೆಯದು, ಟಿಕೆಟ್‌ನ ಪ್ರಾಮಾಣಿಕತೆ. ವಿಮಾನ ಹಾರಿಸುವವರ ಹೆಸರು ಸಂಖ್ಯೆಯಷ್ಟೇ ದೊಡ್ಡ ಅಕ್ಷರದಲ್ಲಿ. ಒಂದು ವಿಮಾನಕ್ಕೆ ಒಂದೇ ಸಾಲು. ಮೊದಲ ಪುಟದಲ್ಲೇ ಪೂರ್ತಿ ಬೆಲೆ. ಹಣ ಪಡೆದು ಮೇಲೆ ತೋರಿಸಿದ ವಿಮಾನಕ್ಕೆ ‘ಜಾಹೀರಾತು’ ಎಂಬ ಮುದ್ರೆ. ಇವಾವುದಕ್ಕೂ ಸರ್ಕಾರದ ಬೊಕ್ಕಸದಿಂದ ಕಾಸು ಬೇಕಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣ: ಇದನ್ನೆಲ್ಲ ನೋಡಿಕೊಳ್ಳುವವರು ಯಾರು? ಮಹಾನಿರ್ದೇಶನಾಲಯದ ಮುಖ್ಯ ಹೊಣೆ ಸುರಕ್ಷತೆ. ಆ ಹೊಣೆಯೇ ಅದಕ್ಕೆ ಸಾಕಷ್ಟು ಭಾರವಾಗಿದೆ. 2008ರ ಕಾಯ್ದೆಯಿಂದ ಹುಟ್ಟಿದ ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ ನಿಲ್ದಾಣದ ಶುಲ್ಕವನ್ನು ಮಾತ್ರ ನೋಡುತ್ತದೆ. ಸ್ಪರ್ಧಾ ಆಯೋಗ ಬರುವುದು ಹಾನಿಯಾದ ಮೇಲೆ. ಸುರಕ್ಷತೆಯೊಂದಿಗೆ ಗ್ರಾಹಕ ಹಿತವನ್ನೂ ಒಳಗೊಂಡ ಸ್ವತಂತ್ರ ನಾಗರಿಕ ವಿಮಾನಯಾನ ಪ್ರಾಧಿಕಾರದ ಮಸೂದೆ 2013ರಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿ, ಆ ಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು. 1934ರ ವಿಮಾನ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿತಾದರೂ ಸ್ವತಂತ್ರ ಆರ್ಥಿಕ ನಿಯಂತ್ರಕ ಅದರಲ್ಲಿ ಸ್ಥಾನ ಪಡೆಯಲಿಲ್ಲ. ಮಂತ್ರಾಲಯವೇ ನೀತಿ ಮಾಡಿ, ಮಂತ್ರಾಲಯವೇ ಸಂಕಟದ ದಿನ ದರ ನಿಗದಿ ಮಾಡುವ ಪದ್ಧತಿ ಹಾಗೆಯೇ ಉಳಿದಿದೆ.

ನಿಯಂತ್ರಣ ಬೇಕೇ, ಸ್ವಾತಂತ್ರ್ಯ ಬೇಕೇ ಎಂಬ ವಾದದಲ್ಲಿ ನಾವು ಮೂರು ದಶಕ ಕಳೆದಿದ್ದೇವೆ. ಆ ಅವಧಿಯಲ್ಲಿ ರನ್‌ವೇಗಳನ್ನು ಕಟ್ಟಿದ್ದೇವೆ, ಕಟ್ಟಡಗಳನ್ನು ಉದ್ಘಾಟಿಸಿದ್ದೇವೆ, ಕಲ್ಲುಗಳ ಮೇಲೆ ಹೆಸರು ಕೆತ್ತಿಸಿದ್ದೇವೆ. ಆದರೆ ಬೀದರ್‌ನ ವ್ಯಾಪಾರಿ ಅಥವಾ ಶಿವಮೊಗ್ಗದ ವಿದ್ಯಾರ್ಥಿನಿ ತನ್ನ ಊರಿನಿಂದ ಒಂದೇ ಟಿಕೆಟ್ ಕೊಂಡು, ಅದರ ಪೂರ್ತಿ ಬೆಲೆಯನ್ನು ಮೊದಲೇ ತಿಳಿದು, ದಾರಿಯಲ್ಲಿ ಏನಾದರೂ ಎಡವಟ್ಟಾದರೆ ಯಾರ ಕೌಂಟರಿಗೆ ಹೋಗಬೇಕೆಂಬುದನ್ನೂ ಅರಿತು ಪ್ರಯಾಣ ಹೊರಡುವ ಸ್ಥಿತಿ ಬರುವವರೆಗೆ ಆ ರನ್‌ವೇಗಳು ಅರ್ಧ ಕಟ್ಟಿದ ಸೇತುವೆಗಳಂತೆಯೇ ಉಳಿಯುತ್ತವೆ.